ಮೊದಲು ದೇವರಿಗೆ, ಆಮೇಲೆ ತಟ್ಟೆಗೆ: ಮಂಗಳೂರಿನ ಮೊಂತಿ ಫೆಸ್ತ್

ಇವತ್ತು ಸೆಪ್ಟೆಂಬರ್ 8. ನಮ್ಮ ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್. ಮಾತೆ ಮರಿಯಮ್ಮ ಹುಟ್ಟಿದ ದಿನ, ಹೊಸ ತೆನೆಯ ಹಬ್ಬವೂ ಹೌದು. ಮಕ್ಕಳ ಕೈಯಲ್ಲಿರುವ ಹೂ ನೋಡಿ. ಹಬ್ಬಕ್ಕೆ ಮೊದಲು ಒಂಬತ್ತು ದಿನ ನೊವೆನಾ, ಅಂದರೆ ಒಂಬತ್ತು ದಿನಗಳ ವಿಶೇಷ ಪ್ರಾರ್ಥನೆ, ನಡೆದಿದೆ. ದಿನಾ ಹೀಗೇ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸಿದ್ದಾರೆ.

ಅಗೋ, ಅಲ್ಲಿ ಇಟ್ಟಿರುವುದು ಭತ್ತದ ತೆನೆ. ಏಣೇಲು, ಅಂದರೆ ಮಳೆಗಾಲದ ಮೊದಲ ಬೆಳೆಯ ಗದ್ದೆಯದು. ಧರ್ಮಗುರುಗಳು ಆಶೀರ್ವದಿಸಿದ ಮೇಲೆ ಇದು ಮನೆ ಮನೆಗೆ ಹೋಗುತ್ತದೆ.

ಈ ಹಬ್ಬ ಮಂಗಳೂರಿನ ಹತ್ತಿರದ ಫರಂಗಿಪೇಟೆಯಲ್ಲಿ ಶುರುವಾಯಿತು ಎನ್ನುತ್ತಾರೆ. ನೇತ್ರಾವತಿ ದಡದ ಮೊಂತೆ ಮರಿಯಾನೊ ಚರ್ಚಿನಲ್ಲಿ, 1763ರಲ್ಲಿ, ಗೋವಾದ ಫಾದರ್ ಜೋಕಿಂ ಮಿರಾಂಡ ಇದನ್ನು ಆರಂಭಿಸಿದರಂತೆ. ಇಪ್ಪತ್ತೊಂದು ವರ್ಷ ಕಳೆಯುವಷ್ಟರಲ್ಲಿ, 1784ರಲ್ಲಿ, ಟಿಪ್ಪು ಸುಲ್ತಾನ ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಬದುಕಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಹಬ್ಬ ಅದನ್ನೂ ದಾಟಿ ಬಂದಿದೆ.

ಆದರೆ ಮೊದಲ ತೆನೆ ಕೊಡುವ ಪದ್ಧತಿ ಇದಕ್ಕಿಂತ ತುಂಬಾ ಹಳೆಯದು. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯ ಓದಿ. ಕೊಯ್ಲಿನ ಮೊದಲ ಸಿವುಡನ್ನು ಯಾಜಕನಿಗೆ ತಂದುಕೊಡಬೇಕು. ಅಲ್ಲಿಯವರೆಗೆ ಹೊಸ ಧಾನ್ಯದ ರೊಟ್ಟಿ ತಿನ್ನುವಂತಿಲ್ಲ, ಹುರಿದ ಕಾಳೂ ಬಾಯಿಗೆ ಹಾಕುವಂತಿಲ್ಲ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹೊಲದ ಅಂಚಿನ ಪೈರನ್ನು ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅದನ್ನು ಬಡವರಿಗೆ, ಪರದೇಶಿಗಳಿಗೆ ಬಿಡು. ನನಗೆ ತುಂಬಾ ಇಷ್ಟವಾದ ಮಾತು ಇದು. ದೇವರಿಗೆ ಕೃತಜ್ಞತೆ ಹೇಳುವುದೂ ಹಸಿದವರ ಪಾಲು ಬಿಡುವುದೂ ಅಲ್ಲಿ ಒಟ್ಟೊಟ್ಟಿಗೇ ಇವೆ.

ಪಕ್ಕದ ಮನೆಯ ಹಿಂದೂಗಳದ್ದೂ ಇದೇ ಕ್ರಮ, ಅಲ್ವಾ? ತೆನೆ ತಂದು, ಮಾವು ಹಲಸಿನ ಎಲೆ ಜೊತೆ ಬಾಗಿಲಿಗೆ ಕದಿರು ಕಟ್ಟುತ್ತಾರೆ. ಆಮೇಲೇ ಹೊಸ ಅಕ್ಕಿ ಊಟ. ಒಂದೇ ಮಳೆ, ಒಂದೇ ಮಣ್ಣು ಉಣಿಸಿದ ಜನ ನಾವು.

ಈಗ ನಮ್ಮ ಅಡುಗೆಮನೆ. ಅಮ್ಮ ತೆನೆಯ ಕಾಳು ಬಿಡಿಸಿ, ಸಿಪ್ಪೆ ತೆಗೆದು, ಪುಡಿ ಮಾಡಿ ತೆಂಗಿನ ಹಾಲಿಗೆ ಹಾಕುತ್ತಿದ್ದಾರೆ. ಪ್ರಾರ್ಥನೆ ಆದ ಮೇಲೆ ಹಿರಿಯರಿಂದ ಶುರುಮಾಡಿ ಎಲ್ಲರಿಗೂ ಒಂದೊಂದು ಗುಟುಕು. ಮೀನಿಲ್ಲದೆ ಊಟವೇ ಸೇರದ ಮನೆಯಲ್ಲಿ ಇವತ್ತು ಬರೀ ತರಕಾರಿ. ಕೆಸುವಿನ ಎಲೆ, ಹರಿವೆ ದಂಟು, ಬೆಂಡೆ, ಹೀರೆ. ಪಲ್ಯಗಳ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕು.

ನಮಗೀಗ ಗದ್ದೆ ಇಲ್ಲ. ತೆನೆ ಬೇರೆಯವರ ಬೆವರಿನದು. ಆದ್ದರಿಂದ ಪ್ರಾರ್ಥನೆಯಲ್ಲಿ ಅಮ್ಮ ನಾಟಿ ಮಾಡಿದವರನ್ನೂ ನೆನೆಯುತ್ತಾರೆ. ದುಬೈನಲ್ಲಿರುವ ಅಣ್ಣನಿಗೆ ಅಂತ ನಾಲ್ಕು ಕಾಳು ಲಕೋಟೆಗೆ ಹಾಕಿಟ್ಟಿದ್ದಾರೆ. ನಾಳೆ ಅಂಚೆಗೆ ಕೊಡಬೇಕು.