ಸೂಲಗಿತ್ತಿಯ ಕೈ ಮತ್ತು ಪುರುಡಿನ ಮಾತು

ಕೇಳುಗ ಬಂಧುಗಳೇ, ನಮಸ್ಕಾರ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಮಳೆಗಾಗಿ ಮುಗಿಲು ನೋಡುತ್ತಲೇ ಬದುಕಿದ ಸೀಮೆ. ಆಂಧ್ರದ ಗಡಿಗೆ ಅಂಟಿಕೊಂಡಿರುವ ಆ ನೆಲದಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಜಗುಲಿಯ ಮೇಲೆ ಕೇಳಿಬರುತ್ತವೆ. ಅಲ್ಲಿನ ಕೃಷ್ಣಾಪುರದ ನರಸಮ್ಮನವರು 1920ರಲ್ಲಿ ಹುಟ್ಟಿದವರು. ಶಾಲೆಯ ಓದು ಅವರಿಗೆ ದಕ್ಕಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಮದುವೆಯಾಯಿತು. ಹನ್ನೆರಡು ಮಕ್ಕಳನ್ನು ಹೆತ್ತರು, ಅವರಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡರು. ಸೂಲಗಿತ್ತಿಯಾಗಿದ್ದ ಅಜ್ಜಿಯ ಪಕ್ಕದಲ್ಲಿ ಕುಳಿತು ಕಲಿತ ವಿದ್ಯೆಯನ್ನೂ, ಊರಿಗೆ ಬಂದುಹೋಗುವ ಅಲೆಮಾರಿಗಳಿಂದ ತಿಳಿದುಕೊಂಡ ಗಿಡಮೂಲಿಕೆಗಳ ಮಾತನ್ನೂ ಬೆನ್ನಿಗೆ ಕಟ್ಟಿಕೊಂಡು, ಸುಮಾರು ಇಪ್ಪತ್ತರ ಹರೆಯದಲ್ಲಿ ಆರಂಭಿಸಿದ ಕೆಲಸವನ್ನು ಅವರು ಏಳು ದಶಕಗಳ ಕಾಲ ಮಾಡಿದರು. ಅವರ ಕೈಯಿಂದ ಆದ ಹೆರಿಗೆಗಳ ಲೆಕ್ಕ 15 ಸಾವಿರವನ್ನು ದಾಟುತ್ತದೆ. ಅದಕ್ಕಾಗಿ ಅವರು ಹಣ ಕೇಳಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಊರಿಗೆ ಊರೇ ತಾಯಿ ಎಂದು ಕರೆದ ಇಂಥ ಹೆಣ್ಣುಮಕ್ಕಳನ್ನು ನಾವು ಗುರುವೆಂದು ಏಕೆ ಕರೆಯಲಿಲ್ಲ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ. ಇಂದು ನಿಮ್ಮ ಮುಂದಿಡುವುದು ಅದನ್ನೇ.

ಸೂಲು ಎಂದರೆ ಹೆರಿಗೆ. ಆದರೆ ಸೂಲಗಿತ್ತಿಯ ಕೆಲಸ ಹೆರಿಗೆಯ ಕೋಣೆಯಲ್ಲಿ ಮುಗಿಯುತ್ತಿರಲಿಲ್ಲ. ಹರಳೆಣ್ಣೆ ಸವರಿದ ಅಂಗೈಯನ್ನು ಬಸುರಿಯ ಹೊಟ್ಟೆಯ ಮೇಲೆ ಆಡಿಸಿ ಕೂಸಿನ ತಲೆ ಎತ್ತ ಇದೆಯೆಂದು ತಿಳಿಯುವುದು, ನೋವು ಏರಿಳಿಯುವಾಗ ಅವಳ ಉಸಿರಿಗೆ ತನ್ನ ಮಾತನ್ನು ಜೋಡಿಸಿ ಧೈರ್ಯ ತುಂಬುವುದು, ಹೊಕ್ಕುಳಬಳ್ಳಿ ಕತ್ತರಿಸುವುದು, ಮಾಸು ಪೂರ್ತಿ ಬೀಳುವವರೆಗೆ ಕಾಯುವುದು, ಮುಂದೆ ದಿನವೂ ಬಂದು ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರೆರೆಯುವುದು, ಬಾಣಂತಿಯ ಊಟಕ್ಕೆ ಮೆಣಸೆಷ್ಟು, ಬೆಳ್ಳುಳ್ಳಿಯೆಷ್ಟು, ಓಮವೆಷ್ಟು ಎಂದು ಹೇಳುವುದು ಎಲ್ಲವೂ ಅವಳದೇ. ದೃಷ್ಟಿ ತೆಗೆಯುತ್ತಿದ್ದವಳೂ, ಸಾಂಬ್ರಾಣಿ ಹೊಗೆ ಹಾಕುತ್ತಿದ್ದವಳೂ ಅವಳೇ. ಉತ್ತರ ಕರ್ನಾಟಕದಲ್ಲಿ ಹುಟ್ಟಿದ ಐದನೆಯ ದಿನ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಂಬುತ್ತಾರೆ. ಸೆಟಿಗೆವ್ವನೆಂದೂ ಕರೆಯುವ ಆ ದೇವಿಯ ಪೂಜೆಗೆ ಪುರೋಹಿತರು ಬರುವುದಿಲ್ಲ. ಬಾಣಂತಿಯ ಕೋಣೆಯಲ್ಲಿ ಹೆಂಗಸರೇ ಅದನ್ನು ನಡೆಸುತ್ತಾರೆ, ಅವರ ನಡುವೆ ಸೂಲಗಿತ್ತಿಗೆ ತನ್ನದೇ ಸ್ಥಾನವಿರುತ್ತದೆ. ದೇಹಕ್ಕೆ ಮದ್ದು, ಮನಸ್ಸಿಗೆ ಧೈರ್ಯ, ದೈವಕ್ಕೆ ಕೈಮುಗಿತ ಎಂದು ಇದನ್ನು ಬಿಡಿಸಿ ನೋಡುವವರು ನಾವು. ಅವಳಿಗೆ ಅದೆಲ್ಲ ಒಂದೇ ಕೆಲಸವಾಗಿತ್ತು.

ಇಷ್ಟಾದ ಮೇಲೂ ಅವಳನ್ನು ಒಳಗೆ ಕರೆದವರು ಕಡಿಮೆ. ಹೆರಿಗೆಯಾದ ಮನೆಗೆ ಪುರುಡು ಎಂಬ ಹುಟ್ಟಿನ ಸೂತಕ, ಆ ರಕ್ತ ಮುಟ್ಟಿದವಳಿಗೆ ಮೈಲಿಗೆ. ಹಲವೆಡೆ ಈ ಕೆಲಸಕ್ಕೆ ಬರುತ್ತಿದ್ದವರು ದಲಿತ ಮತ್ತು ಹಿಂದುಳಿದ ಸಮುದಾಯಗಳ ಹೆಣ್ಣುಮಕ್ಕಳಾಗಿದ್ದರು. ಆದ್ದರಿಂದ ಜಾತಿಯ ಗೋಡೆಯ ಮೇಲೆ ಮೈಲಿಗೆಯ ಇನ್ನೊಂದು ಗೋಡೆ ಎದ್ದಿತು. ನನ್ನ ತಾಯಿ ಹೇಳುತ್ತಿದ್ದ ಒಂದು ಮಾತು ನೆನಪಾಗುತ್ತದೆ. ನನ್ನನ್ನು ಭೂಮಿಗಿಳಿಸಿದ ಮುದುಕಿ ಹನ್ನೊಂದು ದಿನ ನಮ್ಮ ನಡುಮನೆಯಲ್ಲಿ ಓಡಾಡಿದಳಂತೆ. ಹನ್ನೆರಡನೆಯ ದಿನ ಮನೆ ಶುದ್ಧವಾದ ಮೇಲೆ ಮೊರದಲ್ಲಿ ಅಕ್ಕಿ, ಬೆಲ್ಲ, ಹಳೆಯ ಸೀರೆಯೊಂದನ್ನು ಇಟ್ಟು ಹೊಸಿಲಿನಾಚೆ ನಿಲ್ಲಿಸಿ ಕೊಟ್ಟರಂತೆ. ಇದನ್ನು ಹೇಳುವಾಗಲೆಲ್ಲ ತಾಯಿಯ ದನಿ ಕುಗ್ಗುತ್ತಿತ್ತು.

ಪುರುಡಿನ ಈ ಮಾತಿಗೆ ಕನ್ನಡ ನೆಲದಲ್ಲಿ ಗಟ್ಟಿಯಾಗಿ ಎದುರು ನಿಂತವರು ಹನ್ನೆರಡನೆಯ ಶತಮಾನದ ಶರಣರು. ಜನನ ಸೂತಕ, ರಜಸ್ಸೂತಕ, ಪ್ರೇತ ಸೂತಕ, ಜಾತಿ ಸೂತಕ, ಉಚ್ಛಿಷ್ಟ ಸೂತಕ ಎಂಬ ಐದನ್ನೂ ಅವರು ತಳ್ಳಿಹಾಕಿದರು. ಹುಟ್ಟು ಮೈಲಿಗೆಯಲ್ಲ, ಮುಟ್ಟು ಮೈಲಿಗೆಯಲ್ಲ ಎಂದೊಡನೆ ಹೆಣ್ಣನ್ನು ದೇವರಿಂದ ದೂರ ನಿಲ್ಲಿಸುವುದಕ್ಕೆ ಕಾರಣವೇ ಉಳಿಯಲಿಲ್ಲ. ವಚನ ಬರೆದ ಮೂವತ್ತಕ್ಕೂ ಹೆಚ್ಚು ಶರಣೆಯರ ಹೆಸರು ನಮಗೆ ದೊರೆಯುವುದು ಆಕಸ್ಮಿಕವಲ್ಲ ಎಂದು ನಾನು ತಿಳಿದಿದ್ದೇನೆ. ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲುವ ಕದಿರ ರೆಮ್ಮವ್ವೆ, ಅಕ್ಕಿ ಆಯುವ ಲಕ್ಕಮ್ಮ, ಎಲ್ಲರ ಹೆಸರಿನಲ್ಲೂ ಅವರ ಕಾಯಕವೇ ಕುಳಿತಿದೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಆಸೆಯ ತಪ್ಪನ್ನು ಎತ್ತಿ ತೋರಿಸಿ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಹೆಂಡತಿಯೊಬ್ಬಳು ಗಂಡನಿಗೆ ಗುರುವಾದ ಇಂಥ ಗಳಿಗೆ ನಮ್ಮ ಸಾಹಿತ್ಯದಲ್ಲಿ ಅಪರೂಪ. ಉಡುತಡಿಯ ಮಹಾದೇವಿ ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಕಟುಪ್ರಶ್ನೆಗಳಿಗೆ ಉತ್ತರ ಕೊಟ್ಟು ಎಲ್ಲರ ಅಕ್ಕನಾದಳು. ಕಲ್ಯಾಣ ಚದುರಿದ ಮೇಲೆ ಉಳಿವಿಯತ್ತ ನಡೆದ ಶರಣರನ್ನು ಮುನ್ನಡೆಸಿದವರಲ್ಲಿ ಬಸವಣ್ಣನವರ ಅಕ್ಕ ನಾಗಮ್ಮನೂ ಇದ್ದಳೆಂದು ಪರಂಪರೆ ನೆನೆಯುತ್ತದೆ.

ಆ ಬಾಗಿಲು ಮತ್ತೆ ಮುಚ್ಚಿತು. ಶರಣರ ಹೆಸರು ಹೇಳುವ ಮನೆಗಳಲ್ಲೂ ಪುರುಡಿನ ಆಚರಣೆ ಹಿಂದಿರುಗಿತು. ಮಠಗಳ ಪೀಠಗಳು ಗಂಡಸರ ಪಾಲಾದವು. ಧಾರವಾಡದ ಅಕ್ಕಮಹಾದೇವಿ ಅನುಭವ ಪೀಠದಲ್ಲಿ 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರುವಾಗಿ ಕುಳಿತಾಗ ಮಹಿಳೆಯೊಬ್ಬಳು ಆ ಪದವಿಗೇರಿದ್ದು ಇದೇ ಮೊದಲೆಂದು ನಾಡು ಬೆರಗಾಯಿತು. ಬಸವಣ್ಣನವರ ವಚನಗಳ ಕೊನೆಯಲ್ಲಿ ಬರುವ ಅಂಕಿತನಾಮವನ್ನು ಬದಲಿಸಿದ ಅವರ ನಿಲುವನ್ನು ನಾನು ಒಪ್ಪಲಾರೆ. ಆದರೆ ಅಕ್ಕನ ಕಾಲದಿಂದ ಎಂಟುನೂರು ವರ್ಷ ಒಬ್ಬ ಹೆಣ್ಣು ಆ ಆಸನಕ್ಕೆ ಕಾಯಬೇಕಾಯಿತೆಂಬುದು ನನ್ನನ್ನು ಇನ್ನೂ ನೋಯಿಸುತ್ತದೆ.

ಸೂಲಗಿತ್ತಿಯನ್ನು ಹೊಗಳುವ ಭರದಲ್ಲಿ ಆಸ್ಪತ್ರೆಯನ್ನು ಹಳಿಯುವುದು ದೊಡ್ಡ ತಪ್ಪಾಗುತ್ತದೆ. ನಿಲ್ಲದ ರಕ್ತಸ್ರಾವ, ಅಡ್ಡಲಾಗಿ ಸಿಕ್ಕಿಕೊಂಡ ಕೂಸು, ನಂಜು, ಇವುಗಳ ಮುಂದೆ ಎಷ್ಟೋ ಕುಶಲ ಕೈಗಳೂ ಸೋತಿವೆ. ಎಷ್ಟೋ ತಾಯಂದಿರು ಕತ್ತಲ ಕೋಣೆಯಲ್ಲೇ ಕಣ್ಣು ಮುಚ್ಚಿದ್ದಾರೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಅದು ಸಂತೋಷಪಡಬೇಕಾದ ಸಂಗತಿ. ಆದರೆ ಹೆರಿಗೆ ಕೋಣೆಯ ಬೆಳಕಿನಲ್ಲಿ ಒಬ್ಬಳೇ ಮಲಗಿ, ಗದರಿಕೆ ಕೇಳಿಸಿಕೊಂಡು ಹೆತ್ತು ಬಂದ ಹೆಣ್ಣುಮಕ್ಕಳನ್ನು ಮಾತನಾಡಿಸಿದರೆ, ಸೂಲಗಿತ್ತಿ ಕೊಡುತ್ತಿದ್ದ ಯಾವುದು ಆ ಕೋಣೆಗೆ ಬರಲಿಲ್ಲವೆಂದು ತಿಳಿಯುತ್ತದೆ. ಪರಿಚಿತ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು ಬೆನ್ನು ನೀವುವುದಕ್ಕೆ ಹೊಸ ಯಂತ್ರ ಬೇಕಿಲ್ಲ, ಅನುಮತಿ ಸಾಕು.

ಇಂಥ ಹಿರಿಯರು ಇನ್ನೂ ಕೆಲವು ಊರುಗಳಲ್ಲಿ ಇದ್ದಾರೆ. ಕರೆಯುವವರಿಲ್ಲದೆ ಕಟ್ಟೆಯ ಮೇಲೆ ಕುಳಿತಿದ್ದಾರೆ. ನಿಮ್ಮ ಊರಿನಲ್ಲಿ ಒಬ್ಬರಿದ್ದರೆ ಅವರನ್ನು ಮನೆಗೆ ಕರೆತನ್ನಿ, ನಡುಮನೆಯಲ್ಲಿ ಕೂರಿಸಿ ಊಟಕ್ಕಿಕ್ಕಿ. ಅವರು ಯಾರಿಂದ ಕಲಿತರು, ಯಾವ ಗಿಡವನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಸಟವಿಯ ಪೂಜೆಯಲ್ಲಿ ಏನು ಹಾಡುತ್ತಿದ್ದರು, ಯಾವ ಲಕ್ಷಣ ಕಂಡಾಗ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕಳಿಸುತ್ತಿದ್ದರು ಎಂದು ಕೇಳಿ ಬರೆದಿಡಿ. ಅವರ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನನ್ನನ್ನು ಹಿಡಿದ ಆ ಮುದುಕಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಮಸ್ಕಾರ.