ರಸ್ತೆಯ ಮೇಲೆ ಮೀನಿನ ಬಲೆ

ನಮಸ್ಕಾರ ಎಲ್ಲರಿಗೂ.

ಉಕ್ರೇನ್ ದೇಶದ ದಕ್ಷಿಣದಲ್ಲಿ ಖೆರ್ಸನ್ ಅಂತ ಒಂದು ಊರಿದೆ. ಪಕ್ಕದಲ್ಲೇ ನಿಪ್ರೋ ನದಿ. ಈಚೆ ದಡದಲ್ಲಿ ಊರು, ಆಚೆ ದಡದಲ್ಲಿ ರಷ್ಯಾದ ಸೈನ್ಯ. ಆ ಊರಿನ ರಸ್ತೆಗಳಿಗೆ ಬಲೆ ಹೊದಿಸಿದ್ದಾರೆ. ಎರಡೂ ಬದಿಗೆ ಕಂಬ ನೆಟ್ಟು, ಮೇಲೆ ಬಲೆ ಎಳೆದು ಕಟ್ಟಿದ್ದಾರೆ, ನಮ್ಮ ಮದುವೆ ಚಪ್ಪರದ ಹಾಗೆ. ಕಾರು, ಬಸ್ಸು, ಆಂಬುಲೆನ್ಸ್ ಎಲ್ಲ ಅದರ ಕೆಳಗೇ ಓಡಾಡಬೇಕು. ಇಂಥ ಕೆಲಸಕ್ಕೆ ಅಂತಲೇ ಫ್ರಾನ್ಸಿನ ಬ್ರಿಟನಿ ಕರಾವಳಿಯ ಮೀನುಗಾರರು ತಮ್ಮ ಹಳೆಯ ಬಲೆಗಳನ್ನು ಉಕ್ರೇನಿಗೆ ಕಳಿಸಿಕೊಟ್ಟರು. ಡ್ರೋನಿನ ತಿರುಗುವ ರೆಕ್ಕೆ ಆ ಬಲೆಗೆ ಸುತ್ತಿಕೊಂಡರೆ ಕೆಳಗಿದ್ದವರು ಬದುಕಿಕೊಳ್ಳುತ್ತಾರೆ.

ಯಾಕೆ ಇಷ್ಟೆಲ್ಲ? ಆಚೆ ದಡದಿಂದ ಬರುವ ಡ್ರೋನುಗಳು ಸೈನಿಕರನ್ನು ಮಾತ್ರ ಹುಡುಕುತ್ತಿಲ್ಲ. ಬಸ್ ಸ್ಟಾಪಿನಲ್ಲಿ ನಿಂತವರು, ಸೈಕಲ್ ಮೇಲೆ ಹೋಗುವವರು, ಗಾಯಗೊಂಡವರನ್ನು ಎತ್ತಲು ಬಂದವರು, ಎಲ್ಲರನ್ನೂ ಅಟ್ಟಿಸಿಕೊಂಡು ಹೋಗಿ ಹೊಡೆದಿವೆ. ವಿಶ್ವಸಂಸ್ಥೆಯ ತನಿಖಾ ಆಯೋಗ 2025ರಲ್ಲಿ ಇದನ್ನು ಮಾನವೀಯತೆಯ ವಿರುದ್ಧದ ಅಪರಾಧ ಅಂತಲೇ ಕರೆಯಿತು.

2022ರ ಮಾರ್ಚ್ 1 ನಿಮಗೆ ನೆನಪಿರಬಹುದು. ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ದಿನಸಿ ತರೋಕೆ ಅಂತ ಹೊರಗೆ ಹೋಗಿದ್ದ. ಶೆಲ್‌ಗೆ ಕಣ್ಣಿಲ್ಲ. ಅದನ್ನು ಹಾರಿಸಿದವನಿಗೆ ಆ ಹುಡುಗ ಕಂಡಿರಲೂ ಇಲ್ಲ. ಖೆರ್ಸನ್‌ನಲ್ಲಿ ಹಾಗಲ್ಲ. ಕಣ್ಣಿಗೆ ಕನ್ನಡಕದಂಥ ಪರದೆ ಕಟ್ಟಿಕೊಂಡು ಡ್ರೋನ್ ನಡೆಸುತ್ತಾ ಕೂತವನಿಗೆ ಕೆಳಗಿರುವುದು ತರಕಾರಿ ಚೀಲ ಹಿಡಿದ ಹೆಂಗಸು ಅಂತ ಸ್ಪಷ್ಟವಾಗಿ ಕಾಣುತ್ತದೆ. ಕಂಡ ಮೇಲೂ ಹೊಡೆಯುತ್ತಾನೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇಂಥ ಒಂದು ಸಣ್ಣ ಡ್ರೋನಿಗೆ ಸುಮಾರು 500 ಡಾಲರ್. ಒಂದು ಒಳ್ಳೆ ಮೊಬೈಲ್ ಫೋನಿನ ಬೆಲೆ. ಅದು ಕೋಟಿಗಟ್ಟಲೆ ಬೆಲೆಯ ಟ್ಯಾಂಕನ್ನು ಸುಟ್ಟು ಹಾಕುತ್ತದೆ. 2025ರ ಜೂನ್ 1ರಂದು ಉಕ್ರೇನಿನವರು ಲಾರಿಗಳ ಮೇಲಿನ ಮರದ ಗೂಡುಗಳಲ್ಲಿ 117 ಡ್ರೋನುಗಳನ್ನು ಬಚ್ಚಿಟ್ಟು, ರಷ್ಯಾದ ಒಳಗಿಂದಲೇ ಹಾರಿಸಿ, ಸೈಬೀರಿಯಾದ ತನಕ ಇರುವ ವಾಯುನೆಲೆಗಳ ಬಾಂಬರ್ ವಿಮಾನಗಳಿಗೆ ಬೆಂಕಿ ಹಚ್ಚಿದರು. ಒಂದೂವರೆ ವರ್ಷದ ತಯಾರಿ ಅದು. ಜಗತ್ತಿನ ಸೇನಾಪತಿಗಳೆಲ್ಲ ಬೆಚ್ಚಿಬಿದ್ದರು. ರಷ್ಯಾ ಕಳಿಸುವ ಇರಾನ್ ಮಾದರಿಯ ಶಾಹೆದ್ ಡ್ರೋನಿಗೆ ಹತ್ತಾರು ಸಾವಿರ ಡಾಲರ್ ಅಂತ ಅಂದಾಜು. ಅದನ್ನು ಹೊಡೆಯೋಕೆ ಒಂದು ಪೇಟ್ರಿಯಟ್ ಕ್ಷಿಪಣಿ ಬಿಟ್ಟರೆ ಸುಮಾರು 40 ಲಕ್ಷ ಡಾಲರ್ ಹೋಯಿತು.

ಈ ಲೆಕ್ಕ ನೋಡಿ ಎಷ್ಟೋ ಜನ ಹೇಳುತ್ತಾರೆ, ಯುದ್ಧ ಈಗ ಅಗ್ಗವಾಯ್ತು ಅಂತ. ನಾನು ಒಪ್ಪೋದಿಲ್ಲ. ಉಕ್ರೇನನ್ನು ಮತ್ತೆ ಕಟ್ಟೋಕೆ 10 ವರ್ಷಕ್ಕೆ 52,400 ಕೋಟಿ ಡಾಲರ್ ಬೇಕು ಅಂತ ವಿಶ್ವಬ್ಯಾಂಕ್ ಮತ್ತು ಅದರ ಜೊತೆಗಾರರು 2025ರ ಫೆಬ್ರವರಿಯಲ್ಲಿ ಅಂದಾಜು ಮಾಡಿದರು. ಆ ದೇಶದ ಒಂದು ವರ್ಷದ ಒಟ್ಟು ದುಡಿಮೆಯ ಹತ್ತಿರ ಹತ್ತಿರ ಮೂರು ಪಟ್ಟು. ಸತ್ತವರನ್ನು ಈ ಲೆಕ್ಕದಲ್ಲಿ ಹಿಡಿದಿಲ್ಲ. ಅಗ್ಗವಾಗಿರೋದು ಹೊಡೆಯುವ ಖರ್ಚು. ಹೊಡೆಸಿಕೊಂಡವರ ಬಿಲ್ ಹಾಗೇ ಇದೆ.

ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ಉಕ್ರೇನಿನ ಸೈನ್ಯದಲ್ಲಿ ಅಂಕಗಳ ಪದ್ಧತಿ ಬಂದಿದೆ. ಶತ್ರುವನ್ನು ಹೊಡೆದ ವಿಡಿಯೋ ಕಳಿಸಿದರೆ ಅಂಕ. ಆ ಅಂಕ ಕೊಟ್ಟು ಆನ್‌ಲೈನ್‌ನಲ್ಲಿ ಹೊಸ ಡ್ರೋನ್ ತರಿಸಿಕೊಳ್ಳಬಹುದು. ಒಬ್ಬ ಸೈನಿಕನನ್ನು ಕೊಂದರೆ ಮೊದಲು 6 ಅಂಕ ಇತ್ತು, ಆಮೇಲೆ 12 ಮಾಡಿದರು. ಉಕ್ರೇನ್ ತನ್ನ ನೆಲ ಉಳಿಸಿಕೊಳ್ಳೋಕೆ ಹೋರಾಡುತ್ತಿದೆ, ಅದು ನನಗೆ ಗೊತ್ತು. ಯಾವ ತುಕಡಿಗೆ ಡ್ರೋನ್ ಜಾಸ್ತಿ ಬೇಕು ಅಂತ ತಿಳಿಯೋಕೆ ಇದು ಸುಲಭದ ದಾರಿ ಅನ್ನೋದೂ ಅರ್ಥವಾಗುತ್ತದೆ. ಆದರೂ ಮನುಷ್ಯನ ಮೇಲೆ ಅಂಕ ಬರೆದುಬಿಟ್ಟರೆ, ಅವನನ್ನು ಆರಿಸುವ ಕೆಲಸ ಯಂತ್ರಕ್ಕೆ ಒಪ್ಪಿಸೋಕೆ ಎಷ್ಟು ಹೊತ್ತು ಬೇಕು ಹೇಳಿ?

ಆ ಕಡೆಗೇ ಹೊರಟಿದ್ದೇವೆ. ಡ್ರೋನಿಗೂ ಅದನ್ನು ನಡೆಸುವವನಿಗೂ ನಡುವಿನ ಸಿಗ್ನಲ್ಲನ್ನು ಜಾಮ್ ಮಾಡಿದರೆ ಡ್ರೋನ್ ದಾರಿ ತಪ್ಪುತ್ತದೆ. ಅದಕ್ಕೇ ಗಾಳಿಪಟಕ್ಕೆ ದಾರ ಕಟ್ಟಿದ ಹಾಗೆ ಕೂದಲೆಳೆಯಂಥ ಆಪ್ಟಿಕಲ್ ಕೇಬಲ್ ಕಟ್ಟಿ ಹಾರಿಸುತ್ತಿದ್ದಾರೆ, 10, 20 ಕಿಲೋಮೀಟರ್ ಉದ್ದದ್ದು. ಅಲ್ಲಿನ ಹೊಲಗಳಲ್ಲಿ ಈಗ ಜೇಡರ ಬಲೆಯ ಹಾಗೆ ಆ ಎಳೆಗಳು ಹರಡಿಕೊಂಡಿವೆ. ಎರಡನೆಯ ದಾರಿ, ಡ್ರೋನಿನ ತಲೆಯೊಳಗೇ ಚಿಪ್ ಇಡೋದು. ಸಿಗ್ನಲ್ ಹೋದರೂ ಕೊನೆಯ ಕೆಲವು ನೂರು ಮೀಟರ್ ಅದೇ ನೋಡಿಕೊಂಡು ಹೋಗಿ ಹೊಡೆಯುತ್ತದೆ. ಸದ್ಯಕ್ಕೆ ಗುರಿ ತೋರಿಸುವವನು ಹೆಚ್ಚಾಗಿ ಮನುಷ್ಯನೇ. ಎಷ್ಟು ದಿನ?

ಕಳೆದ ಮಳೆಗಾಲದಲ್ಲಿ ನಮ್ಮ ಮಾವನ ಮೆಕ್ಕೆಜೋಳದ ಹೊಲಕ್ಕೆ ಔಷಧಿ ಹೊಡೆಯೋ ಡ್ರೋನ್ ಬಂದಿತ್ತು. ಒಂದು ಎಕರೆ ಹತ್ತು ನಿಮಿಷದೊಳಗೆ ಮುಗೀತು. ಮಾವ ಆ ಹುಡುಗನನ್ನು ಕೇಳಿದರು, "ತಮ್ಮಾ, ಇದಕ್ಕೆ ಬೆಳೆ ಯಾವುದು, ಕಳೆ ಯಾವುದು ಗೊತ್ತಾಗುತ್ತಾ?" ಅವನು ಹೇಳಿದ, "ಇಲ್ಲ ಯಜಮಾನ್ರೇ, ನಾವು ಗೆರೆ ಹಾಕಿದ ಕಡೆ ಹೋಗುತ್ತೆ ಅಷ್ಟೇ." ಹೆಗಲ ಮೇಲೆ ಗುದ್ದಲಿ ಹೊತ್ತ ರೈತನಿಗೂ ಬಂದೂಕು ಹೊತ್ತವನಿಗೂ ಇರುವ ವ್ಯತ್ಯಾಸ, ಹೊಗೆಯಲ್ಲಿ, ಸಂಜೆಗತ್ತಲಲ್ಲಿ, ಯಂತ್ರಕ್ಕೆ ಹೇಗೆ ತಿಳಿಯಬೇಕು? ಶರಣಾಗಿ ಕೈ ಎತ್ತಿದವನು?

2003ರಲ್ಲಿ ಇರಾಕ್ ಯುದ್ಧದ ಶುರುವಿನಲ್ಲೇ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಮಿತ್ರದೇಶ ಬ್ರಿಟನ್ನಿನ ಟೊರ್ನಾಡೋ ವಿಮಾನವನ್ನು ಶತ್ರು ಕ್ಷಿಪಣಿ ಅಂದುಕೊಂಡಿತು. ಮುಂದೆ ಕೂತ ಸೈನಿಕರು ಕಂಪ್ಯೂಟರ್ ಹೇಳಿದ್ದನ್ನು ನಂಬಿ ಕ್ಷಿಪಣಿ ಬಿಟ್ಟರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು.

ನಮ್ಮಲ್ಲೂ ಆಗಿದೆ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡ್ಗಾಂನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಹೆಲಿಕಾಪ್ಟರನ್ನು ಬೀಳಿಸಿತು. ವಾಯುಪಡೆಯ ಆರು ಮಂದಿ, ಕೆಳಗಿದ್ದ ಒಬ್ಬ ನಾಗರಿಕ, ಏಳು ಜೀವ. ಅದು ಮನುಷ್ಯರು ಮಾಡಿದ ತಪ್ಪು. ಹಾಗಾಗಿಯೇ ತನಿಖೆ ನಡೆಯಿತು, ಅಧಿಕಾರಿಗಳ ಮೇಲೆ ಕ್ರಮ ಆಯಿತು, ವಾಯುಪಡೆಯ ಮುಖ್ಯಸ್ಥರೇ ಇದು ನಮ್ಮ ದೊಡ್ಡ ತಪ್ಪು ಅಂತ ಒಪ್ಪಿಕೊಂಡರು. ಆ ಮನೆಯವರಿಗೆ ಕೇಳೋಕೆ ಒಂದು ಬಾಗಿಲಾದರೂ ಇತ್ತು. ನಾಳೆ ಚಿಪ್ ತಾನೇ ಆರಿಸಿ ಹೊಡೆದರೆ ಯಾರ ಬಾಗಿಲು ತಟ್ಟೋದು? ಪ್ರೋಗ್ರಾಮ್ ಬರೆದವನದ್ದಾ, ಕೊಂಡ ಸೈನ್ಯದ್ದಾ?

2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ, ತಾವೇ ಗುರಿ ಆರಿಸಿ ಹೊಡೆಯುವ ಇಂಥ ಆಯುಧಗಳ ಬಗ್ಗೆ ಒಂದು ನಿರ್ಣಯ ಬಂತು. 152 ದೇಶ ಪರವಾಗಿ ಮತ ಹಾಕಿದವು. ವಿರೋಧಿಸಿದ್ದು ನಾಲ್ಕೇ ದೇಶ. ರಷ್ಯಾ ಅದರಲ್ಲಿತ್ತು. ಭಾರತವೂ ಇತ್ತು. ಈ ಚರ್ಚೆ ಜಿನೀವಾದಲ್ಲಿ, ಆಯುಧಗಳ ಒಪ್ಪಂದದ ಸಭೆಗಳಲ್ಲೇ ನಡೆಯಬೇಕು ಅನ್ನೋದು ನಮ್ಮ ಸರ್ಕಾರದ ವಾದ. ಎರಡು ಕಡೆ ಅಣ್ವಸ್ತ್ರ ಇಟ್ಟುಕೊಂಡ ನೆರೆಯವರಿರುವಾಗ ಕೈ ಕಟ್ಟಿಕೊಳ್ಳೋದು ಕಷ್ಟ, ನಿಜ. ಆದರೆ ಜಿನೀವಾದಲ್ಲಿ 2014ರಿಂದ ಮಾತು ನಡೀತಾನೇ ಇದೆ, ಒಪ್ಪಂದ ಬಂದಿಲ್ಲ. ಅಷ್ಟರಲ್ಲಿ ಚಿಪ್‌ಗಳು ಡ್ರೋನಿನೊಳಗೆ ಬಂದು ಕೂತಿವೆ.

ಡ್ರೋನ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಗಡಿಯಲ್ಲಿ ನಿಂತ ಹುಡುಗರಿಗೆ ಒಳ್ಳೆಯ ಆಯುಧ ಸಿಗಲೇಬೇಕು. ನಾನು ಕೇಳೋದು ಇಷ್ಟೇ, ಯಾರನ್ನು ಕೊಲ್ಲಬೇಕು ಅನ್ನೋದನ್ನು ಹೆಸರು, ಹುದ್ದೆ ಇರುವ ಒಬ್ಬ ಮನುಷ್ಯ ತೀರ್ಮಾನಿಸಬೇಕು, ಆಮೇಲೆ ಅವನೇ ಉತ್ತರ ಕೊಡಬೇಕು. ಇದನ್ನು ಕಾನೂನು ಮಾಡೋಣ ಅಂತ ಹೇಳುವ ದೇಶಗಳ ಸಾಲಿನಲ್ಲಿ ಭಾರತ ಮುಂದೆ ನಿಲ್ಲಬೇಕು. ನಿಮ್ಮ ಸಂಸದರು ಊರಿಗೆ ಬಂದಾಗ ರಸ್ತೆ, ನೀರು ಕೇಳ್ತೀರಿ ಅಲ್ವಾ? ಜೊತೆಗೆ ಇದನ್ನೂ ಕೇಳಿ: ಆ ಡಿಸೆಂಬರ್‌ನಲ್ಲಿ ನಾವು ಯಾಕೆ ಬೇಡ ಅಂದೆವು?