ಇಳಿದದ್ದು ಕೊಬ್ಬೋ, ಕಸುವೋ?

ಕೇಳುಗರೆಲ್ಲರಿಗೂ ಶರಣು.

ಕಲಬುರಗಿಯ ಅಪ್ಪನ ಕೆರೆ ಹತ್ತಿರ ಬೆಳಿಗ್ಗೆ ವಾಕಿಂಗ್ ಮಾಡುವವರ ಮಾತಿಗೆ ಒಮ್ಮೆ ಕಿವಿಗೊಡಿ. "ಎಷ್ಟು ಇಳೀತ್ರಿ?" ನಾಲ್ಕು ಕಿಲೋ ಅಂದರೆ ಶಾಭಾಸ್‌ಗಿರಿ. ಏನೂ ಇಳಿದಿಲ್ಲ ಅಂದರೆ ಮುಖ ಸಪ್ಪೆ. ಆ ನಾಲ್ಕು ಕಿಲೋದಲ್ಲಿ ಕೊಬ್ಬೆಷ್ಟು, ಮಾಂಸಖಂಡ ಎಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ರಾತ್ರಿ ಊಟ ಬಿಟ್ಟು, ಸುಮ್ನೆ ನಡೆದೇ ನಡೆದರೆ ತೂಕ ಇಳಿಯುತ್ತದೆ, ನಿಜ. ಆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮೂವತ್ತು ದಾಟಿದ ಮೇಲೆ ಅದು ತಾನಾಗಿಯೇ ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ನಾವೇ ಇನ್ನಷ್ಟು ಕಳೆದುಕೊಳ್ಳಬೇಕಾ?

ಸಣ್ಣಗಿದ್ದವರು ನಿಶ್ಚಿಂತೆಯಿಂದ ಇರಬಹುದು ಅಂತಲೂ ಅಲ್ಲ. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಬಂತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕ ಅಳೆಯುವ ಬಿಎಂಐ ಇಬ್ಬರದೂ 22.3. ಸ್ಕ್ಯಾನ್ ಮಾಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ನಮ್ಮವರಲ್ಲಿ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಜಾಸ್ತಿ ಇರುವವರು ಬಹಳ. ಸಕ್ಕರೆ ಕಾಯಿಲೆ ಅಂಥವರನ್ನೂ ಬಿಡುವುದಿಲ್ಲ.

ಜಿಮ್‌ನಲ್ಲಿ ಬರಿಗಾಲಲ್ಲಿ ನಿಲ್ಲಿಸುವ ಮಷಿನ್ ಇರುತ್ತದಲ್ಲ, ಅದು ಮೈಯಲ್ಲಿ ತುಂಬಾ ಸಣ್ಣ ಕರೆಂಟು ಹರಿಸುತ್ತದೆ. ಮಾಂಸಖಂಡದಲ್ಲಿ ನೀರು ಹೆಚ್ಚು, ಅಲ್ಲಿ ಕರೆಂಟು ಸಲೀಸಾಗಿ ಹೋಗುತ್ತದೆ. ಕೊಬ್ಬು ತಡೆಯುತ್ತದೆ. ಅದರ ಮೇಲೆ ಕೊಬ್ಬೆಷ್ಟು, ಮಾಂಸಖಂಡ ಎಷ್ಟು ಅನ್ನುವ ಲೆಕ್ಕ. ಹೀಗಾಗಿ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಬೆವರಿ, ನೀರು ಕುಡಿಯದೆ ಹತ್ತಿದರೆ ಕೊಬ್ಬು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅದೇ ಮಷಿನ್, ಅದೇ ಹೊತ್ತು, ಬೆಳಿಗ್ಗೆ ಖಾಲಿ ಹೊಟ್ಟೆ. ತಿಂಗಳಿಗೊಮ್ಮೆ ಸಾಕು. ಒಂದು ದಿನದ ಅಂಕಿ ನೋಡಿ ಗಾಬರಿಯಾಗಬೇಡಿ.

ಮಷಿನ್ ಇಲ್ಲವೇ? ದರ್ಜಿಯವರ ಟೇಪು ಇದ್ದರೆ ಆಯಿತು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಉಸಿರು ಮೆಲ್ಲಗೆ ಬಿಟ್ಟ ಮೇಲೆ ನೋಡಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ. ತೂಕ ಅಲ್ಲೇ ನಿಂತು ಸೊಂಟ ಸಣ್ಣಗಾಗುತ್ತಿದ್ದರೆ ಬೇಸರ ಬೇಡ, ಕೊಬ್ಬು ಹೋಗಿ ಮಾಂಸಖಂಡ ಬರುತ್ತಿರಬಹುದು.

ಅದು ಬರಬೇಕಾದರೆ ಮೈಗೆ ಭಾರ ಬೀಳಬೇಕು. ತಾಲೀಮಿನಲ್ಲಿ ಹಿರಿಯರು ಹೊಡೆಯುತ್ತಿದ್ದ ದಂಡ, ಬೈಠಕ್ ಇವತ್ತಿಗೂ ಒಳ್ಳೆಯ ವ್ಯಾಯಾಮವೇ. ವಯಸ್ಸಾದ ಅಮ್ಮ, ಅಜ್ಜ ಕುರ್ಚಿಯಿಂದ ಎದ್ದು ಕೂತರೂ ನಡೆಯುತ್ತದೆ. ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಅಂತ ಬರೆದಿಡಿ. ಮುಂದಿನ ತಿಂಗಳು ಹೋಲಿಸಿ ನೋಡಿ.

ಊಟದ ಮಾತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕದಲ್ಲಿ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದವರಿಗೆ ಸುಮಾರು 50 ಗ್ರಾಂ. ತೊಗರಿಯ ಕಣಜ ನಮ್ಮದು, ನಮ್ಮ ಬೇಳೆಗೆ, ಇದು ಇದೇ ಊರಿನದು ಅಂತ ಗುರುತಿಸುವ ಜಿಐ ಮಾನ್ಯತೆಯೂ ಇದೆ. 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಆದರೆ ತಿಳಿಸಾರಿನಲ್ಲಿ ಅದೆಲ್ಲಿ ಸಿಗಬೇಕು? ಜೋಳದ ರೊಟ್ಟಿಗೆ ಗಟ್ಟಿ ಬ್ಯಾಳಿ ಇರಲಿ, ಜೊತೆಗೆ ಮೊಸರು, ಶೇಂಗಾ, ಆಗುವವರಿಗೆ ಮೊಟ್ಟೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ನಮಸ್ಕಾರ.